ವೇಗ ಏರಿದಂತೆ ಓಲಾಡುವ ದೋಣಿ: ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ಬಂದ ಪತ್ರಗಳೆಲ್ಲ ಬಾಸ್ ಬೋಟ್ ಮಾದರಿಯ ಫೈಬರ್ ದೋಣಿಗಳ ಬಗ್ಗೆ. ತಗ್ಗಾದ ಪಕ್ಕ, ನಿಂತು ಗಾಳ ಎಸೆಯಲು ಮುಂದೆಯೂ ಹಿಂದೆಯೂ ಚಪ್ಪಟೆ ಡೆಕ್, ಹಿಂದುಗಡೆ ದೊಡ್ಡ ಔಟ್‌ಬೋರ್ಡ್ ಎಂಜಿನ್ ಇರುವ ದೋಣಿ ಇದು. ಅಮೆರಿಕದ ಕೆರೆ, ಜಲಾಶಯಗಳಲ್ಲಿ ಬಾಸ್ ಮೀನು ಹಿಡಿಯಲೆಂದು ಹುಟ್ಟಿತು. 1948ರಲ್ಲಿ ಲೂಯಿಸಿಯಾನದ ಹೋಮ್ಸ್ ಥರ್ಮಂಡ್ ಕಟ್ಟಿದ ಸ್ಕೀಟರ್ ಈ ಜಾತಿಯ ಮೊದಲ ದೋಣಿ ಎನ್ನುತ್ತಾರೆ. ಸಪಾಟು ಸಿಹಿನೀರಿನಲ್ಲಿ ಓಡಲು ಮಾಡಿದ ತಳವನ್ನು ನಾವು ಉಪ್ಪುನೀರು, ಭರತ-ಇಳಿತ, ಅಳಿವೆಯ ಅಲೆ ಇರುವ ಕಡೆ ಓಡಿಸುತ್ತಿದ್ದೇವೆ ಎಂಬುದನ್ನು ಮುಂದಿನ ಉತ್ತರಗಳನ್ನು ಓದುವಾಗ ನೆನಪಿಡಿ.

ಪ್ರಶ್ನೆ: ನನ್ನದು 18 ಅಡಿ 8 ಇಂಚಿನ ಬಾಸ್ ಬೋಟ್. 150 ಎಚ್‌ಪಿ ಎಂಜಿನ್, 21 ಪಿಚ್‌ನ ಮೂರು ಬ್ಲೇಡಿನ ಸ್ಟೀಲ್ ಫ್ಯಾನ್ (ಪ್ರೊಪೆಲ್ಲರ್; ಜಾರದಿದ್ದರೆ ಒಂದು ಸುತ್ತಿಗೆ ಅದು ಮುಂದೆ ಸಾಗುವ ಇಂಚುಗಳೇ ಪಿಚ್). ಗಂಟೆಗೆ 70 ಕಿ.ಮೀ. ತನಕ ಏನೂ ತೊಂದರೆ ಇಲ್ಲ. ಅದನ್ನು ದಾಟಿದರೆ ದೋಣಿ ಎಡಕ್ಕೂ ಬಲಕ್ಕೂ ಓಲಾಡುತ್ತದೆ. ಸ್ಟಿಯರಿಂಗ್‌ನಲ್ಲಿ ಸರಿಮಾಡಲು ಹೋದಷ್ಟೂ ಓಲಾಟ ಜೋರಾಗುತ್ತದೆ. ನಾಲ್ಕು ಬ್ಲೇಡಿನ ಫ್ಯಾನ್ ಹಾಕಿಸಿ ಎಂದು ಮೆಕ್ಯಾನಿಕ್ ಹೇಳಿದ್ದಾರೆ. ಹಾಕಿಸಲೇ? - ಕೋಡಿಬೆಂಗ್ರೆಯ ಓದುಗರು

ಉತ್ತರ: ಸದ್ಯಕ್ಕೆ ಬೇಡ. ಫ್ಯಾನಿಗೆ ದುಡ್ಡು ಹಾಕುವ ಮುಂಚೆ ದೋಣಿಯಲ್ಲಿ ಎಲ್ಲೆಲ್ಲಿ ಸಡಿಲ ಇದೆ ಎಂದು ನೋಡಿ. ಇಂಥ ಓಲಾಟದ ಮೂಲ ಹೆಚ್ಚಾಗಿ ಅಲ್ಲೇ ಸಿಗುತ್ತದೆ, ಅದನ್ನು ಬಿಗಿ ಮಾಡುವ ಖರ್ಚೂ ಕಡಿಮೆ.

ಬೋಟಿನವರು ಚೈನ್ ವಾಕ್ ಎನ್ನುವುದು ಇದನ್ನೇ; ಚೈನ್ ಎಂದರೆ ತಳದ ಪಕ್ಕದ ಅಂಚು. ವೇಗ ಏರಿದಂತೆ ದೋಣಿ ನೀರಿನಿಂದ ಮೇಲೇಳುತ್ತದೆ. ಕೊನೆಗೆ ನೀರಿಗೆ ತಾಗಿಕೊಂಡಿರುವುದು ತಳದ ನಡುವೆ, ಹಿಂಭಾಗದಲ್ಲಿರುವ ಒಂದು ಕಿರಿದಾದ ಚಪ್ಪಟೆ ಪಟ್ಟಿ ಮಾತ್ರ. ಇದಕ್ಕೆ ಪ್ಯಾಡ್ ಎನ್ನುತ್ತಾರೆ. ಇಡೀ ದೋಣಿಯ ಭಾರ ಅದರ ಮೇಲೆ ನಿಂತಾಗ ಆಧಾರದ ಅಗಲ ಸಾಲದು. ಬಲಸುತ್ತಿನ ಫ್ಯಾನ್ ದೋಣಿಯನ್ನು ಎಡಕ್ಕೆ ಮಗುಚಲು ನೋಡುತ್ತಿರುತ್ತದೆ. ಎಡ ಅಂಚು ನೀರಿಗೆ ಬಡಿದು ಪುಟಿಯುತ್ತದೆ, ಭಾರ ಬಲಕ್ಕೆ ಬೀಳುತ್ತದೆ, ಆ ಅಂಚೂ ಬಡಿಯುತ್ತದೆ. ನೀವು ಚಕ್ರ ತಿರುಗಿಸಿದ್ದು ಎಂಜಿನಿಗೆ ಮುಟ್ಟುವುದು ಅರೆಕ್ಷಣ ತಡವಾದರೆ, ಎಡಕ್ಕೆ ಬಾಗಿದಾಗ ಕೊಟ್ಟ ತಿದ್ದುಪಡಿ ದೋಣಿ ಬಲಕ್ಕೆ ಹೊರಳಿದ ಮೇಲೆ ಕೆಲಸ ಮಾಡುತ್ತದೆ. ಸರಿಮಾಡಲು ಹೋದಷ್ಟೂ ಜೋರಾಗುತ್ತದೆ ಎಂದು ನೀವು ಬರೆದದ್ದು ನೋಡಿದರೆ ನಿಮ್ಮಲ್ಲೂ ಹೀಗೇ ಆಗುತ್ತಿರಬೇಕು.

ದೋಣಿಯನ್ನು ಟ್ರೇಲರ್ ಮೇಲಿಟ್ಟು, ಎಂಜಿನನ್ನು ನೇರ ಕೆಳಗಿಳಿಸಿ. ಒಬ್ಬರು ಸ್ಟಿಯರಿಂಗ್ ಚಕ್ರವನ್ನು ಅಲುಗದಂತೆ ಹಿಡಿಯಲಿ. ಇನ್ನೊಬ್ಬರು ಹಿಂದೆ ಕುಳಿತು ಎಂಜಿನಿನ ಕೆಳತುದಿಯನ್ನು ಎರಡೂ ಕೈಯಲ್ಲಿ ಹಿಡಿದು ಎಡಕ್ಕೆ ಬಲಕ್ಕೆ ದೂಡಲಿ. ಚಕ್ರ ಅಲುಗದೆ ಎಂಜಿನ್ ಮಾತ್ರ ಕಣ್ಣಿಗೆ ಕಾಣುವಷ್ಟು ಹೊರಳಿದರೆ ಸಡಿಲ ಇದೆ ಎಂದೇ ಅರ್ಥ. ಆಮೇಲೆ ಉಲ್ಟಾ ಪರೀಕ್ಷೆ: ಚಕ್ರದ ಅಂಚಿಗೆ ಒಂದು ಟೇಪ್ ಅಂಟಿಸಿ ನಿಧಾನ ತಿರುಗಿಸಿ, ಎಂಜಿನ್ ಅಲುಗುವ ಮುಂಚೆ ಟೇಪ್ ಎಷ್ಟು ದೂರ ಸರಿಯಿತು ನೋಡಿ. ಒಂದು ಇಂಚಿಗಿಂತ ಹೆಚ್ಚಿದ್ದರೆ ಈ ವೇಗಕ್ಕೆ ಆ ಸ್ಟಿಯರಿಂಗ್ ಆಗದು.

ಒಂದೇ ಕೇಬಲ್‌ನ ಸ್ಟಿಯರಿಂಗ್ ಆಗಿದ್ದರೆ ಕೇಬಲ್ ಒಳಗೇ ಸವೆದಿರುತ್ತದೆ. ಬಿಗಿ ಮಾಡಲು ಅದರಲ್ಲಿ ಜಾಗವಿಲ್ಲ, ಬದಲಿಸಬೇಕು. 150 ಎಚ್‌ಪಿಗೆ ಒಂಟಿ ಕೇಬಲ್ ನಮಗೆ ಸಮ್ಮತವಿಲ್ಲ. ಜೋಡಿ ಕೇಬಲ್ ಇಲ್ಲವೇ ಹೈಡ್ರಾಲಿಕ್ ಬೇಕು. ಈಗಾಗಲೇ ಹೈಡ್ರಾಲಿಕ್ ಇದ್ದರೆ ಪೈಪಿನಲ್ಲಿ ಗಾಳಿ ಸೇರಿರಬಹುದು. ಗಾಳಿ ತೆಗೆಯಲು ಇಬ್ಬರು ಬೇಕು. ಚಕ್ರದ ಹಿಂದಿನ ಪಂಪಿಗೆ ದ್ರವ ತುಂಬಿ, ಎಂಜಿನ್ ಪಕ್ಕದ ಸಿಲಿಂಡರಿನ ಬ್ಲೀಡರ್ ನಿಪ್ಪಲಿಗೆ ಪಾರದರ್ಶಕ ಪೈಪ್ ಸಿಕ್ಕಿಸಿ. ಒಬ್ಬರು ಚಕ್ರವನ್ನು ಕೈಪಿಡಿ ಹೇಳಿದ ದಿಕ್ಕಿಗೆ ತಿರುಗಿಸುತ್ತಿರಲಿ, ಪೈಪಿನಲ್ಲಿ ಗುಳ್ಳೆ ಬರುವುದು ಪೂರಾ ನಿಂತ ಮೇಲೆ ನಿಪ್ಪಲ್ ಮುಚ್ಚಿ. ಇನ್ನೊಂದು ಬದಿಗೂ ಹಾಗೇ. ನಡುವೆ ಪಂಪಿನ ದ್ರವ ಖಾಲಿಯಾಗಲು ಬಿಟ್ಟರೆ ಮೊದಲಿಂದ ಶುರುಮಾಡಬೇಕಾಗುತ್ತದೆ. ಸ್ಟಿಯರಿಂಗ್ ತಯಾರಕರು ಹೇಳಿದ ದ್ರವವನ್ನೇ ಹಾಕಿ; ಕಾರಿನ ಬ್ರೇಕ್ ಆಯಿಲ್ ಹಾಕಿದರೆ ಸೀಲುಗಳು ಹಾಳಾಗುತ್ತವೆ.

ಮುಂದಿನದು ಬೋಲ್ಟ್‌ಗಳು. ಎಂಜಿನನ್ನು ಟ್ರಾನ್ಸಮ್‌ಗೆ, ಎಂದರೆ ದೋಣಿಯ ಹಿಂಗೋಡೆಗೆ ಬಿಗಿದ ಬೋಲ್ಟ್‌ಗಳನ್ನೂ, ಎಂಜಿನನ್ನು ಏರಿಸಿ ಇಳಿಸುವ ಜಾಕ್ ಪ್ಲೇಟ್ ಇದ್ದರೆ ಅದರ ಬೋಲ್ಟ್‌ಗಳನ್ನೂ ಟಾರ್ಕ್ ವ್ರೆಂಚ್‌ನಲ್ಲಿ ಕೈಪಿಡಿಯ ಅಳತೆಗೆ ಬಿಗಿಯಿರಿ. ಬಿಗಿಯುವಾಗ ವಾಷರ್ ಫೈಬರಿನ ಒಳಕ್ಕೆ ಕೂರುತ್ತಾ ಹೋದರೆ ಅಲ್ಲೇ ನಿಲ್ಲಿಸಿ. ಒಳಗಿನ ಪ್ಲೈವುಡ್ ಕೊಳೆತಿದೆ. ಸಣ್ಣ ಸುತ್ತಿಗೆಯ ಹಿಡಿಯಿಂದ ಟ್ರಾನ್ಸಮ್ ಪೂರ್ತಿ ತಟ್ಟುತ್ತಾ ಬನ್ನಿ: ಗಟ್ಟಿ ಜಾಗ ಟಕಟಕ ಎನ್ನುತ್ತದೆ, ಕೊಳೆತ ಜಾಗ ಮಂಕಾಗಿ ದಬ್ ಎನ್ನುತ್ತದೆ. ಎಂಜಿನನ್ನು ಅರ್ಧ ಎತ್ತಿ ಅದರ ಕೆಳತುದಿಯ ಮೇಲೆ ಮೈಭಾರ ಹಾಕಿ ಒತ್ತಿದಾಗ ಟ್ರಾನ್ಸಮ್ ಉಸಿರಾಡಿದಂತೆ ಅಲುಗಿದರೆ, ಇಲ್ಲವೇ ಬೋಲ್ಟಿನ ತೂತಿನಿಂದ ಕಂದು ನೀರು ಜಿನುಗಿದರೆ, ಉಳಿದ ಕೆಲಸವನ್ನೆಲ್ಲ ಬದಿಗಿಟ್ಟು ಟ್ರಾನ್ಸಮ್ ರಿಪೇರಿ ಮಾಡಿಸಿ. ಅಂಥ ದೋಣಿಯನ್ನು ವೇಗದಲ್ಲಿ ಓಡಿಸಬಾರದು.

ಇವೆಲ್ಲ ಗಟ್ಟಿಯಿದ್ದರೆ ಎಂಜಿನಿನ ಎತ್ತರ ಅಳೆಯಿರಿ. ಸಿಮೆಂಟ್ ನೆಲದ ಮೇಲೆ ಟ್ರೇಲರ್ ನಿಲ್ಲಿಸಿ, ಪ್ಯಾಡಿಗೆ ರಸಮಟ್ಟ ಹಿಡಿದು ಅದು ಮಟ್ಟಸವಾಗುವ ತನಕ ಟ್ರೇಲರಿನ ಮೂತಿಯನ್ನು ಏರಿಸಿ ಇಳಿಸಿ. ಫ್ಯಾನಿನ ಶಾಫ್ಟ್ ಪ್ಯಾಡಿಗೆ ಸಮಾನಾಂತರವಾಗುವಂತೆ ಟ್ರಿಮ್, ಎಂದರೆ ಎಂಜಿನಿನ ಓರೆ, ಹೊಂದಿಸಿ. ನೆಲದಿಂದ ಪ್ಯಾಡಿನ ಹಿಂತುದಿಗೆ ಒಂದು ಅಳತೆ, ನೆಲದಿಂದ ಶಾಫ್ಟಿನ ನಡುವಿಗೆ ಇನ್ನೊಂದು. ಮೊದಲನೆಯದರಲ್ಲಿ ಎರಡನೆಯದನ್ನು ಕಳೆದರೆ ಶಾಫ್ಟ್ ಪ್ಯಾಡಿಗಿಂತ ಎಷ್ಟು ಕೆಳಗಿದೆ ಎಂದು ಸಿಗುತ್ತದೆ. ಈ ಗಾತ್ರದ ಬಾಸ್ ಬೋಟಿಗೆ 3ರಿಂದ 4 ಇಂಚು ಕೆಳಗೆ ಇರುವುದು ಒಳ್ಳೆಯ ಆರಂಭ. 5-6 ಇಂಚು ಕೆಳಗಿದ್ದರೆ ಎಂಜಿನಿನ ಕಾಲು ನೀರಿನಲ್ಲಿ ಅತಿಯಾಗಿ ಮುಳುಗಿ ದೋಣಿಯನ್ನು ತಿರುಚುತ್ತದೆ. 2 ಇಂಚಿಗೆ ಬಂದರೆ ಫ್ಯಾನಿನ ಹಿಡಿತ ತಪ್ಪಬಹುದು, ಎಂಜಿನನ್ನು ತಂಪಾಗಿಸುವ ನೀರಿನ ಒತ್ತಡವೂ ಇಳಿಯಬಹುದು. ಜಾಕ್ ಪ್ಲೇಟ್ ಇದ್ದರೆ ಒಂದು ಸಲಕ್ಕೆ ಎರಡು ಸೂತದಷ್ಟೇ (ಒಂದು ಸೂತ ಸುಮಾರು 3 ಎಂಎಂ) ಬದಲಿಸಿ. ಬೋಲ್ಟಿನ ತೂತುಗಳಲ್ಲೇ ಏರಿಸುವುದಾದರೆ ಒಂದೊಂದು ತೂತಿಗೆ ಸುಮಾರು ಮುಕ್ಕಾಲು ಇಂಚು ವ್ಯತ್ಯಾಸವಾಗುತ್ತದೆ. ಪ್ರತಿ ಬದಲಾವಣೆಯ ನಂತರ ಓಡಿಸಿ, ಆರ್‌ಪಿಎಂ, ಜಿಪಿಎಸ್ ವೇಗ, ನೀರಿನ ಒತ್ತಡ ಮೂರನ್ನೂ ಬರೆದಿಡಿ. ಎರಡು ಬದಲಾವಣೆಗಳನ್ನು ಒಟ್ಟಿಗೆ ಮಾಡಿದರೆ ಯಾವುದರಿಂದ ಏನಾಯಿತು ಎಂದು ತಿಳಿಯುವ ದಾರಿಯೇ ಇರುವುದಿಲ್ಲ.

ಅಡ್ಡ ಭಾರವನ್ನೂ ನೋಡಿ. ಬಲಗಡೆ ಕೂರುವ ಚಾಲಕನ ಭಾರ ಫ್ಯಾನಿನ ಎಡ ತಿರುಚನ್ನು ಸ್ವಲ್ಪ ಸರಿದೂಗಿಸುತ್ತದೆ. ಎಡಗಡೆ ದಪ್ಪ ಗೆಳೆಯರನ್ನೂ ಬ್ಯಾಟರಿಗಳನ್ನೂ ಸೇರಿಸಿದರೆ ಆ ಲಾಭ ಹೋಗುತ್ತದೆ.

ಓಡಿಸುವಾಗ: 60 ದಾಟಿದ ಮೇಲೆ ಟ್ರಿಮ್ ಬಟನನ್ನು ಒತ್ತಿ ಹಿಡಿಯಬೇಡಿ, ಚುಟುಕಾಗಿ ತಟ್ಟಿ ಬಿಡಿ. ಓಲಾಟ ಶುರುವಾದರೆ ಟ್ರಿಮ್ ಒಂದು ತಟ್ಟು ಇಳಿಸಿ, ಥ್ರಾಟಲ್ ಸ್ವಲ್ಪವೇ ಹಿಂದೆ ತನ್ನಿ. ಗಾಬರಿಯಾಗಿ ಥ್ರಾಟಲನ್ನು ಪೂರ್ತಿ ಕಡಿದರೆ ಮೂತಿ ಒಮ್ಮೆಲೇ ನೀರಿಗೆ ಕಚ್ಚಿ ದೋಣಿ ಗರಕ್ಕನೆ ತಿರುಗುತ್ತದೆ, ಒಳಗಿದ್ದವರು ಹೊರಗೆ ಎಸೆಯಲ್ಪಡುತ್ತಾರೆ. ಕೊಲ್ಲುವುದು ಓಲಾಟಕ್ಕಿಂತ ಹೆಚ್ಚಾಗಿ ಈ ಗಾಬರಿ. ಎಂಜಿನ್ ನಿಲ್ಲಿಸುವ ಕಿಲ್ ಸ್ವಿಚ್‌ನ ಹಗ್ಗ ಲೈಫ್ ಜಾಕೆಟ್‌ಗೆ ಸಿಕ್ಕಿಸದೆ ಒಂದು ಪರೀಕ್ಷೆಯೂ ಬೇಡ.

ಇಷ್ಟೆಲ್ಲ ಆದ ಮೇಲೂ ಓಲಾಟ ಉಳಿದರೆ ನಾಲ್ಕು ಬ್ಲೇಡಿನ ಫ್ಯಾನ್ ವಿಚಾರ ಮಾಡಿ. ಅದು ಹಿಂಭಾಗವನ್ನು ಎತ್ತಿ ಹಿಡಿಯುತ್ತದೆ, ಹಿಡಿತವೂ ಹೆಚ್ಚು, ಗರಿಷ್ಠ ವೇಗ ಮಾತ್ರ ತುಸು ಇಳಿಯಬಹುದು. ಆ ವಿನಿಮಯ ನಷ್ಟವೇನಲ್ಲ.

ಕೊನೆಗೊಂದು ಮಾತು, ಜಾಗದ ಬಗ್ಗೆ. ಸ್ವರ್ಣಾ, ಸೀತಾ ಸೇರುವ ನಿಮ್ಮ ಹಿನ್ನೀರಿನಲ್ಲಿ ಇಳಿತದ ಹೊತ್ತಿಗೆ ಎದೆಮಟ್ಟದ ನೀರಿನಲ್ಲಿ ನಿಂತು ಮರುವಾಯಿ (ಚಿಪ್ಪು) ಹೆಕ್ಕುವವರು ಇರುತ್ತಾರೆ. ನೀರಿನ ಮೇಲೆ ಅವರ ತಲೆ, ಹೆಗಲು ಮಾತ್ರ ಕಾಣುತ್ತದೆ. ವೇಗದ ಪರೀಕ್ಷೆಗೆ ಭರತ ತುಂಬಿ ನೀರು ನಿಂತ ಹೊತ್ತು, ಗಾಳಿ ಏಳುವ ಮುಂಚಿನ ಬೆಳಿಗ್ಗೆ, ಬಲೆ-ದೋಣಿ-ಜನ ಯಾವುದೂ ಇಲ್ಲದ ಅಗಲ ಜಾಗ ಬೇಕು. ಅದು ಸಿಗದ ದಿನ ಪರೀಕ್ಷೆ ಬೇಡ.

ಪ್ರಶ್ನೆ: 17 ಅಡಿಯ ಬೋಟ್, 115 ಎಚ್‌ಪಿ. ಗಂಟೆಗೆ 45-50 ಕಿ.ಮೀ.ನಲ್ಲಿ ಮೂತಿ ಮೇಲೆ ಕೆಳಗೆ ಕುಣಿಯುತ್ತಲೇ ಇರುತ್ತದೆ. ಅಲೆಯೇ ಇಲ್ಲದ ಶಾಂಭವಿಯಲ್ಲೂ ಹೀಗೇ. ಟ್ರಿಮ್ ಇಳಿಸಿದರೆ ನಿಲ್ಲುತ್ತದೆ, ಆದರೆ ವೇಗ ಸತ್ತುಹೋಗುತ್ತದೆ. ಹೋದ ವರ್ಷ ಹೀಗಿರಲಿಲ್ಲ. - ಮುಲ್ಕಿಯ ಓದುಗರು

ಉತ್ತರ: ಹೋದ ವರ್ಷ ಇಲ್ಲದ್ದು ಈ ವರ್ಷ ಬಂದಿದೆ ಎಂದರೆ ನಡುವೆ ಏನೋ ಬದಲಾಗಿದೆ. ಎರಡು ಕಡೆ ಹುಡುಕಬೇಕು: ದೋಣಿಯೊಳಗಿನ ಭಾರ ಮತ್ತು ದೋಣಿಯ ತಳ.

ಮೂತಿ ಕುಣಿಯುವ ಈ ತೊಂದರೆಗೆ ಪೊರ್ಪಸಿಂಗ್ ಎನ್ನುತ್ತಾರೆ. ಮೂತಿಯನ್ನು ಮೇಲೆತ್ತುವ ಬಲ ಇದೆ, ಎತ್ತಿದಲ್ಲೇ ನಿಲ್ಲಿಸುವ ಬಲ ಇಲ್ಲ. ಭಾರ ಹಿಂದೆ ಹೆಚ್ಚಾದರೆ, ಟ್ರಿಮ್ ಹೆಚ್ಚು ಏರಿಸಿದರೆ, ಎಂಜಿನ್ ಅತಿ ಕೆಳಗಿದ್ದರೆ ಹೀಗಾಗುತ್ತದೆ. ಹಿಂದಿನ ಐದಾರು ಅಡಿಯಲ್ಲಿ ಏನೇನು ಸೇರಿದೆ ಎಂದು ಲೆಕ್ಕ ಹಾಕಿ. 35 ಲೀಟರಿನ ಎರಡು ಪೆಟ್ರೋಲ್ ಕ್ಯಾನ್ ತುಂಬಿದ್ದರೆ ಪೆಟ್ರೋಲೇ 52 ಕಿಲೋ. ಮೀನು ಜೀವಂತ ಇಡುವ ಟ್ಯಾಂಕಿನಲ್ಲಿ 90 ಲೀಟರ್ ನೀರು ಎಂದರೆ 90 ಕಿಲೋ. ಇದರ ಜತೆ ಬ್ಯಾಟರಿಗಳು, ಐಸ್ ಪೆಟ್ಟಿಗೆ. ಡೆಕ್ಕಿನ ಕೆಳಗಿನ ಫೋಮ್ ನೀರು ಕುಡಿದಿದ್ದರೆ ಕಣ್ಣಿಗೆ ಕಾಣದ ಭಾರ ಬೇರೆ.

ಪರೀಕ್ಷೆಗೆ 20 ಲೀಟರಿನ ಕುಡಿಯುವ ನೀರಿನ ಕ್ಯಾನ್‌ಗಳು ಅನುಕೂಲ, ಏಕೆಂದರೆ ಒಂದೊಂದು 20 ಕಿಲೋ ಎಂದು ಗೊತ್ತಿರುತ್ತದೆ. ಎರಡು ಕ್ಯಾನನ್ನು ಮುಂದಿನ ಡೆಕ್ಕಿನ ಕೆಳಗಿನ ಖಾನೆಯಲ್ಲಿ ಅಲುಗದಂತೆ ಕಟ್ಟಿ ಅದೇ ವೇಗದಲ್ಲಿ ಓಡಿಸಿ. ಕುಣಿತ ಕಡಿಮೆಯಾದರೆ ಹಿಂದಿನ ಬ್ಯಾಟರಿಗಳಲ್ಲಿ ಒಂದನ್ನು ಮುಂದಕ್ಕೆ ಸಾಗಿಸಿ, ಕ್ಯಾನ್ ತೆಗೆಯಿರಿ. ಹೆಚ್ಚಾದರೆ ಕಾರಣ ಉಲ್ಟಾ: ಮೂತಿಯ ಭಾರವೇ ಅದನ್ನು ಕೆಳಗೆ ಬೀಳಿಸುತ್ತಿದೆ, ಮುಂದೆ ತುಂಬಿದ ಲಂಗರು, ಹಗ್ಗಗಳನ್ನು ನಡುವಿಗೆ ತನ್ನಿ. ಏನೂ ಬದಲಾಗದಿದ್ದರೆ ತಳ ನೋಡಲೇಬೇಕು.

ಗಾರೆಯವರು ಬಳಸುವ 6 ಅಡಿಯ ಅಲ್ಯೂಮಿನಿಯಂ ಪಟ್ಟಿ ತನ್ನಿ. ತಳ ತೊಳೆದು, ಅಂಟಿದ ಚಿಪ್ಪುಗಳನ್ನೆಲ್ಲ ಕೆರೆದು, ಟ್ರಾನ್ಸಮ್ ಅಂಚಿನಿಂದ ಮುಂದಕ್ಕೆ ಉದ್ದುದ್ದ ಪಟ್ಟಿ ಒತ್ತಿ ಹಿಡಿಯಿರಿ: ಪ್ಯಾಡಿನ ಮೇಲೆ ಒಮ್ಮೆ, ಅದರ ಎರಡೂ ಪಕ್ಕದಲ್ಲಿ ಒಮ್ಮೊಮ್ಮೆ. ಹಿಂದಿನಿಂದ ಟಾರ್ಚ್ ಬಿಟ್ಟರೆ ಸಂದಿ ಚೆನ್ನಾಗಿ ಕಾಣುತ್ತದೆ. ಪಟ್ಟಿಯ ನಡುವೆ ಸಂದಿ ಕಂಡರೆ ತಳ ಒಳಕ್ಕೆ ಹೋಗಿದೆ, ಹಿಂದಂಚು ಕೆಳಕ್ಕೆ ಬಾಗಿದೆ. ಇದು ಹುಕ್. ಇದ್ದರೆ ಮೂತಿ ಏಳುವುದಿಲ್ಲ, ವೇಗ ಸಾಯುತ್ತದೆ. ಪಟ್ಟಿ ನಡುವೆ ತಾಗಿ ತುದಿಗಳಲ್ಲಿ ತೂಗಾಡಿದರೆ ತಳ ಹೊರಗೆ ಉಬ್ಬಿದೆ. ಇದು ರಾಕರ್, ಕುಣಿತಕ್ಕೆ ನೇರ ಕಾರಣ. ಒಂದು ಸೂತದ ವ್ಯತ್ಯಾಸವೂ ಈ ವೇಗದಲ್ಲಿ ಗೊತ್ತಾಗುತ್ತದೆ.

ತಳ ಹೀಗೆ ಬಾಗುವುದು ನೀರಿನಲ್ಲಿ ಅಲ್ಲ, ದಡದಲ್ಲಿ. ಮಳೆಗಾಲಕ್ಕೆ ಮೇಲೆಳೆದ ದೋಣಿಯನ್ನು ಎರಡು ತೆಂಗಿನ ಕೊರಡು ಅಥವಾ ಟಯರಿನ ಮೇಲೆ ಕೂರಿಸಿ, ಇನ್ನೂರು ಕಿಲೋದ ಎಂಜಿನನ್ನು ಟ್ರಾನ್ಸಮ್‌ನಲ್ಲೇ ನೇತಾಡಲು ಬಿಟ್ಟರೆ, ಕೊರಡು ತಾಗಿದಲ್ಲಿ ತಳ ಒಳಕ್ಕೆ ಒತ್ತಿಕೊಳ್ಳುತ್ತದೆ, ಆಧಾರವಿಲ್ಲದ ಹಿಂದಂಚು ಜಗ್ಗುತ್ತದೆ. ಟ್ರೇಲರಿನ ಮರದ ಹಾಸು ಟ್ರಾನ್ಸಮ್‌ನಿಂದ ಒಂದಡಿ ಮುಂಚೆಯೇ ಮುಗಿದರೂ ಅದೇ ಗತಿ. ಹಾಸು ಟ್ರಾನ್ಸಮ್ ಅಂಚಿನ ತನಕ ಬರಬೇಕು, ಭಾರ ಉದ್ದಕ್ಕೂ ಹರಡಬೇಕು. ನಿಮ್ಮ ದೋಣಿ ಹೋದ ಮಳೆಗಾಲ ಯಾವುದರ ಮೇಲೆ ಕೂತಿತ್ತು ಎಂದು ನೆನಪು ಮಾಡಿಕೊಳ್ಳಿ.

ತಳ ಸರಿಮಾಡುವುದು ಫೈಬರ್ ಕೆಲಸ ಬಲ್ಲವರ ಕೈಯಲ್ಲೇ ಆಗಬೇಕು. ತಗ್ಗಿಗೆ ಬರೀ ಪುಟ್ಟಿ ಮೆತ್ತಿದರೆ ಒಂದು ಋತುವಿನಲ್ಲಿ ಎದ್ದುಬರುತ್ತದೆ. ಬಣ್ಣ ಕೆರೆದು, ಒಣಗಿಸಿ, ಎಪಾಕ್ಸಿಯಲ್ಲಿ ಗ್ಲಾಸ್ ಬಟ್ಟೆ ಹಾಕಿ, ಉದ್ದ ಹಲಗೆಗೆ ಉಪ್ಪುಕಾಗದ ಅಂಟಿಸಿ ಪಟ್ಟಿ ಹಿಡಿಯುತ್ತಾ ಉಜ್ಜಿಸಬೇಕು. ಟ್ರಾನ್ಸಮ್ ಸೇರುವಲ್ಲಿ ತಳದ ಹಿಂದಂಚು ಚೂಪಾಗಿ ಉಳಿಯಲಿ. ಅಲ್ಲಿ ದುಂಡಾದರೆ ನೀರು ಬಿಡಿಸಿಕೊಳ್ಳದೆ ಅಂಟಿ ಹಿಂಭಾಗವನ್ನು ಕೆಳಗೆಳೆಯುತ್ತದೆ, ಮೂತಿ ಮತ್ತೆ ಕುಣಿಯುತ್ತದೆ.

ಪ್ರಶ್ನೆ: ಗುರುಪುರ ನದಿಯಲ್ಲಿ ತಿರುವು ತೆಗೆದುಕೊಂಡಾಗ ಆರ್‌ಪಿಎಂ 4,500ರಿಂದ 6,000ಕ್ಕೆ ಹಾರುತ್ತದೆ, ದೋಣಿ ಮಾತ್ರ ಕುಸಿಯುತ್ತದೆ. ಕೆಲವೊಮ್ಮೆ ನೇರ ಓಟದಲ್ಲೂ ಹೀಗಾಗುತ್ತದೆ. ಗೇರ್ ಜಾರುತ್ತಿದೆಯೇ? 150 ಎಚ್‌ಪಿ, 21 ಪಿಚ್. - ಕೂಳೂರಿನ ಓದುಗರು

ಉತ್ತರ: ಗೇರ್ ಬಿಚ್ಚಿಸುವ ಮುಂಚೆ ಮೂರು ಸುಲಭದ ಪರೀಕ್ಷೆ ಮಾಡಿ.

ತಿರುವಿನಲ್ಲಿ ಮಾತ್ರ ಆಗುವುದಾದರೆ ಫ್ಯಾನ್ ಗಾಳಿ ಎಳೆದುಕೊಳ್ಳುತ್ತಿದೆ. ತಿರುವಿನಲ್ಲಿ ದೋಣಿ ವಾಲಿದಾಗ ಫ್ಯಾನ್ ನೀರಿನ ಮೇಲ್ಮೈಗೆ ಹತ್ತಿರ ಬರುತ್ತದೆ, ಮೇಲಿನ ಗಾಳಿ ಬ್ಲೇಡಿಗೆ ಇಳಿಯುತ್ತದೆ, ಹಿಡಿತ ಹೋಗಿ ಎಂಜಿನ್ ಖಾಲಿ ಸುತ್ತುತ್ತದೆ. ತಿರುವಿಗೆ ಮುಂಚೆ ಟ್ರಿಮ್ ಇಳಿಸುವುದು ಅಭ್ಯಾಸವಾಗಲಿ. ಆಗಲೂ ನಿಲ್ಲದಿದ್ದರೆ ಎಂಜಿನನ್ನು ಅರ್ಧ ಇಂಚು ಇಳಿಸಿ. ನೇರ ಓಟದಲ್ಲಿ ಫ್ಯಾನಿನ ಮೇಲಿರುವ ಅಡ್ಡ ರೆಕ್ಕೆ ನೀರಿನ ಮಟ್ಟದಲ್ಲಿ ಹೊಳೆಯುತ್ತಾ ಕಾಣಬೇಕು. ತುಂಬಾ ಮೇಲಿದ್ದರೆ ಎಂಜಿನ್ ಎತ್ತರವಾಯಿತು.

ನೇರ ಓಟದಲ್ಲೂ ಆಗುತ್ತದೆ ಎಂದಿದ್ದೀರಿ. ಹಾಗಾದರೆ ಮೀನು ಹುಡುಕುವ ಸೋನಾರಿನ ಟ್ರಾನ್ಸ್‌ಡ್ಯೂಸರ್ ಎಲ್ಲಿ ಕೂತಿದೆ ನೋಡಿ. ಅದು ಫ್ಯಾನಿನ ನೇರ ಮುಂದೆ ಇದ್ದರೆ ಅದರ ಹಿಂದೆ ಏಳುವ ನೊರೆಯೆಲ್ಲ ಫ್ಯಾನಿಗೇ ಹೋಗುತ್ತದೆ. ಪಕ್ಕಕ್ಕೆ ಸರಿಸಿ, ಹಳೇ ಸ್ಕ್ರೂ ತೂತುಗಳನ್ನು ಎಪಾಕ್ಸಿಯಿಂದ ಮುಚ್ಚಿ. ಬ್ಲೇಡಿನ ಮುಂದಂಚು ಮರಳು ದಿಬ್ಬಕ್ಕೆ ತಾಗಿ ಮಡಚಿದ್ದರೂ ಹೀಗಾಗುತ್ತದೆ. ಬೆರಳಾಡಿಸಿದರೆ ಗೊತ್ತಾಗುತ್ತದೆ.

ಇನ್ನೊಂದು ಸಾಧ್ಯತೆ ಫ್ಯಾನಿನ ಒಳಗಿನ ರಬ್ಬರ್ ಬುಷ್ ಜಾರುವುದು. ಕಲ್ಲಿಗೆ ತಾಗಿದರೆ ಗೇರ್ ಉಳಿಯಲಿ ಎಂದೇ ಆ ರಬ್ಬರ್ ಇಟ್ಟಿರುತ್ತಾರೆ. ಫ್ಯಾನ್ ಕಳಚಿ, ಒಳಗಿನ ಹಲ್ಲಿನ ಕೊಳವೆಯಿಂದ ಹೊರಗಿನ ಲೋಹದ ತನಕ ರಬ್ಬರ್ ದಾಟುವಂತೆ ಪೇಂಟ್‌ನಲ್ಲಿ ಒಂದು ಗೆರೆ ಎಳೆಯಿರಿ. ಮತ್ತೆ ಹಾಕಿ ಜೋರಾಗಿ ಓಡಿಸಿ, ಬಿಚ್ಚಿ ನೋಡಿ. ಗೆರೆ ತುಂಡಾಗಿ ಎರಡು ಕಡೆ ಕಂಡರೆ ಬುಷ್ ಜಾರಿದೆ, ಬುಷ್ ಹೊಸದು ಹಾಕಿಸಿದರೆ ಸಾಕು. ಫ್ಯಾನ್ ಕಳಚಿದಾಗ ಶಾಫ್ಟಿಗೆ ತಂಗೂಸು ಸುತ್ತಿದೆಯೇ ನೋಡಿ. ನದಿಯಲ್ಲಿ ತೇಲುವ ತುಂಡು ಬಲೆಯ ನೂಲು ಅಲ್ಲಿ ಸೇರಿ ಬಿಸಿಯಾಗಿ ಸೀಲನ್ನು ಕೊಯ್ಯುತ್ತದೆ, ನೀರು ಗೇರಿಗೆ ಇಳಿಯುತ್ತದೆ. ಗೇರ್ ಆಯಿಲಿನ ಕೆಳಗಿನ ಸ್ಕ್ರೂ ತುಸು ಸಡಿಲಿಸಿದಾಗ ಆಯಿಲ್ ಹಾಲು ಹಾಕಿದ ಚಹಾದ ಬಣ್ಣದಲ್ಲಿ ಬಂದರೆ ಸೀಲ್ ಹೋಗಿದೆ. ಹಾಗೇ ಓಡಿಸಿದರೆ ಗೇರೂ ಹೋಗುತ್ತದೆ.

ಇವು ಸರಿಯಾದ ಮೇಲೆ ಫ್ಯಾನ್ ಎಷ್ಟು ಜಾರುತ್ತಿದೆ ಎಂದು ಲೆಕ್ಕ ಹಾಕಬಹುದು. ಆರ್‌ಪಿಎಂ ಅನ್ನು ಪಿಚ್‌ನಿಂದ ಗುಣಿಸಿ, ಬಂದದ್ದನ್ನು ಗೇರ್ ಅನುಪಾತದಿಂದ ಭಾಗಿಸಿ, ಮತ್ತೆ 656ರಿಂದ ಭಾಗಿಸಿದರೆ ಜಾರದೆ ಓಡಿದ್ದರೆ ಸಿಗಬೇಕಿದ್ದ ವೇಗ ಗಂಟೆಗೆ ಕಿ.ಮೀ.ನಲ್ಲಿ ಸಿಗುತ್ತದೆ. 5,600 ಆರ್‌ಪಿಎಂ, 21 ಪಿಚ್, ಅನುಪಾತ 2.00 ಆದರೆ ಸುಮಾರು 89.6. ಜಿಪಿಎಸ್ 80 ತೋರಿಸಿದರೆ ಜಾರುವಿಕೆ ಶೇ. 10.7. ಬಾಸ್ ಬೋಟಿಗೆ ಶೇ. 8ರಿಂದ 12 ಒಳ್ಳೆಯದು, 15ರ ತನಕ ನಡೆಯುತ್ತದೆ, 20 ದಾಟಿದರೆ ಏನೋ ತಪ್ಪಿದೆ. ನದಿಯ ಹರಿವು ಲೆಕ್ಕ ಕೆಡಿಸುತ್ತದೆ, ಆದ್ದರಿಂದ ಅದೇ ದಾರಿಯಲ್ಲಿ ಮೇಲಕ್ಕೊಮ್ಮೆ ಕೆಳಕ್ಕೊಮ್ಮೆ ಓಡಿಸಿ ಎರಡರ ಸರಾಸರಿ ತೆಗೆಯಿರಿ. ಪೂರ್ತಿ ಥ್ರಾಟಲ್‌ನಲ್ಲಿ ಎಂಜಿನ್ ತನ್ನ ಕೈಪಿಡಿಯ ಆರ್‌ಪಿಎಂ ಮಿತಿಯೊಳಗೆ, ಮೇಲ್ತುದಿಗೆ ಹತ್ತಿರ ಇರಬೇಕು. ಪಿಚ್ ಒಂದು ಇಂಚು ಹೆಚ್ಚಿಸಿದರೆ ಆರ್‌ಪಿಎಂ 150ರಿಂದ 200 ಇಳಿಯುತ್ತದೆ, ಕಡಿಮೆ ಮಾಡಿದರೆ ಅಷ್ಟೇ ಏರುತ್ತದೆ.

ಪ್ರಶ್ನೆ: ಸ್ಟಿಯರಿಂಗ್ ಸದಾ ಬಲಕ್ಕೆ ಎಳೆಯುತ್ತದೆ. ಅರ್ಧ ಗಂಟೆಯಲ್ಲಿ ತೋಳು ಸೋಲುತ್ತದೆ. - ಉದ್ಯಾವರದ ಓದುಗರು

ಉತ್ತರ: ಫ್ಯಾನಿನ ಮೇಲಿನ ಅಡ್ಡ ರೆಕ್ಕೆಯ ಕೆಳಗೆ ಒಂದು ಸಣ್ಣ ಟ್ಯಾಬ್ ಇದೆ. ಅದರ ಬೋಲ್ಟ್ ಸಡಿಲಿಸಿ, ಹಿಂತುದಿಯನ್ನು ಬಲಕ್ಕೆ ತುಸು ತಿರುಗಿಸಿ ಬಿಗಿಯಿರಿ. ದೋಣಿ ಎತ್ತ ಎಳೆಯುತ್ತದೋ ಹಿಂತುದಿಯೂ ಅತ್ತಲೇ. ಒಂದು ಸಲಕ್ಕೆ ಒಂದು ಸೂತ ಸಾಕು. ನೀವು ಸಾಮಾನ್ಯವಾಗಿ ಓಡಿಸುವ ವೇಗ ಮತ್ತು ಟ್ರಿಮ್‌ಗೆ ಹೊಂದಿಸಿ, ಎಲ್ಲ ವೇಗಕ್ಕೂ ಒಂದೇ ಸರಿ ಇರುವುದಿಲ್ಲ. ಎಂಜಿನ್ ಎತ್ತರಕ್ಕೆ ಕೂತಿದ್ದು ವೇಗದಲ್ಲಿ ಟ್ಯಾಬ್ ನೀರಿನ ಹೊರಗೇ ಇದ್ದರೆ ಅದರಿಂದ ಉಪಯೋಗವಿಲ್ಲ, ಹೈಡ್ರಾಲಿಕ್ ಸ್ಟಿಯರಿಂಗೇ ಪರಿಹಾರ. ಆ ಟ್ಯಾಬ್ ಕೆಲವು ಎಂಜಿನುಗಳಲ್ಲಿ ತುಕ್ಕು ತಡೆಯುವ ಸತುವಿನ ತುಂಡೂ ಹೌದು. ಅದಕ್ಕೆ ಬಣ್ಣ ಬಳಿಯಬೇಡಿ, ಅರ್ಧ ಸವೆದರೆ ಬದಲಿಸಿ.

ಪ್ರಶ್ನೆ: ಮಲ್ಪೆಯಿಂದ ಹೊರಗೆ ಹೋಗಿ ವಾಪಸ್ ಬರುವಾಗ, ಹಿಂದಿನಿಂದ ಬರುವ ಅಲೆ ಇಳಿಯುವಲ್ಲಿ ಮೂತಿ ನೀರಿಗೆ ಕಚ್ಚಿ ದೋಣಿ ಒಂದು ಬದಿಗೆ ಎಸೆದಂತೆ ತಿರುಗುತ್ತದೆ. ಹೋಗುವಾಗ ಈ ತೊಂದರೆ ಇಲ್ಲ. - ಮಲ್ಪೆಯ ಓದುಗರು

ಉತ್ತರ: ಹೋಗುವಾಗ ಅಲೆ ಎದುರಿಗಿರುತ್ತದೆ, ಮೂತಿ ಬಡಿಯದಿರಲಿ ಎಂದು ಟ್ರಿಮ್ ಇಳಿಸಿರುತ್ತೀರಿ. ಬರುವಾಗಲೂ ಅದೇ ಟ್ರಿಮ್ ಇಟ್ಟರೆ ಮೂತಿ ಮುಂದಿನ ಅಲೆಯ ಬುಡಕ್ಕೆ ನುಗ್ಗುತ್ತದೆ. ಆಗ ದೋಣಿಯನ್ನು ತಿರುಗಿಸುವುದು ಹಿಂದಿನ ಎಂಜಿನ್ ಅಲ್ಲ, ನೀರಿಗೆ ಕಚ್ಚಿದ ಮೂತಿ. ಸ್ಟಿಯರಿಂಗ್ ಏನು ಮಾಡಿದರೂ ಕೇಳುವುದಿಲ್ಲ.

ವಾಪಸ್ ಬರುವಾಗ ಟ್ರಿಮ್ ತುಸು ಏರಿಸಿ, ಮುಂದೆ ಕೂತವರನ್ನು ಹಿಂದೆ ಕರೆಯಿರಿ, ಮುಂದಿನ ಖಾನೆಯ ಭಾರ ಹಿಂದೆ ತನ್ನಿ. ಒಂದು ಅಲೆಯ ಬೆನ್ನ ಮೇಲೆ ಕೂತು ಅದರ ವೇಗದಲ್ಲೇ ಬನ್ನಿ. ಅದರ ತಲೆ ದಾಟಿ ಮುಂದಕ್ಕೆ ಜಾರಲೂ ಬೇಡಿ, ಹಿಂದಿನ ಅಲೆ ಟ್ರಾನ್ಸಮ್ ಮೇಲೆ ಒಡೆಯುವಷ್ಟು ನಿಧಾನವೂ ಬೇಡ. ಬಾಸ್ ಬೋಟಿನ ಟ್ರಾನ್ಸಮ್ ತಗ್ಗು, ಒಂದು ಅಲೆ ಒಳಗೆ ಬಿದ್ದರೆ ಬಿಲ್ಜ್ ಪಂಪ್ ಅದನ್ನು ಎತ್ತಿ ಮುಗಿಸುವುದರೊಳಗೆ ಎರಡನೆಯದು ಬಂದಿರುತ್ತದೆ.

ಇದಕ್ಕಿಂತ ಮುಖ್ಯವಾದದ್ದು ಹೊತ್ತು. ಇಳಿತದಲ್ಲಿ ನದಿಯ ನೀರು ಹೊರಕ್ಕೆ ನುಗ್ಗುವಾಗ ಪಡುವಣ ಗಾಳಿಯ ಅಲೆ ಒಳಕ್ಕೆ ಬಂದರೆ ಅಳಿವೆಯಲ್ಲಿ ಅಲೆಗಳು ಕಡಿದಾಗಿ, ಒತ್ತೊತ್ತಾಗಿ ಏಳುತ್ತವೆ. ಮಧ್ಯಾಹ್ನ ಕಡಲ ಗಾಳಿ ಬಲವಾದಾಗ ಇಳಿತವೂ ಸೇರಿದರೆ ಕೆಟ್ಟ ಕೂಟ. ಭರತ ಏರುವ ಹೊತ್ತಿಗೆ, ಗಾಳಿಗೆ ಮುಂಚೆ ಒಳಗೆ ಬರುವಂತೆ ದಿನದ ಲೆಕ್ಕ ಹಾಕಿ. ಅಳಿವೆಯಲ್ಲಿ ಬಿಳಿ ನೊರೆ ಸಾಲುಗಟ್ಟಿ ಒಡೆಯುವುದು ಕಂಡರೆ ನೀರು ನಿಲ್ಲುವ ತನಕ ಹೊರಗೇ ಕಾಯಿರಿ. ಕಾಯುವಷ್ಟು ಪೆಟ್ರೋಲ್ ಉಳಿಸಿಕೊಳ್ಳಿ: ಹೋಗಲು ಮೂರನೇ ಒಂದು ಪಾಲು, ಬರಲು ಒಂದು ಪಾಲು, ಉಳಿದದ್ದು ಇಂಥ ಹೊತ್ತಿಗೆ.

ಪ್ರಶ್ನೆ: ದೋಣಿಯ ಫಲಕದಲ್ಲಿ ಗರಿಷ್ಠ 150 ಎಚ್‌ಪಿ ಎಂದಿದೆ. ಕಡಿಮೆ ಬೆಲೆಗೆ 200 ಎಚ್‌ಪಿ ಎಂಜಿನ್ ಸಿಗುತ್ತಿದೆ. ನಿಧಾನವಾಗಿಯೇ ಓಡಿಸುತ್ತೇನೆ, ಹಾಕಬಹುದೇ? - ಉಳ್ಳಾಲದ ಓದುಗರು

ಉತ್ತರ: ಹಾಕಬೇಡಿ. ನಿಧಾನ ಓಡಿಸಿದರೂ ಎಂಜಿನಿನ ಹೆಚ್ಚುವರಿ ಭಾರ ಟ್ರಾನ್ಸಮ್ ಮೇಲೆ ಇದ್ದೇ ಇರುತ್ತದೆ. ಹಿಂಭಾಗ ಇನ್ನಷ್ಟು ತಗ್ಗುತ್ತದೆ, ಥ್ರಾಟಲ್ ಕೊಟ್ಟಾಗಿನ ತಿರುಚೂ ಹೆಚ್ಚು. ಟ್ರಾನ್ಸಮ್ ದಪ್ಪ, ಒಳಗಿನ ಆಧಾರ, ತೇಲಲು ತುಂಬಿದ ಫೋಮ್ ಎಲ್ಲವನ್ನೂ 150ಕ್ಕೆ ಲೆಕ್ಕ ಹಾಕಿ ಮಾಡಿರುತ್ತಾರೆ. ಆ ದುಡ್ಡಿನಲ್ಲಿ ಹೈಡ್ರಾಲಿಕ್ ಸ್ಟಿಯರಿಂಗ್, ಒಳ್ಳೆಯ ಸ್ಟೀಲ್ ಫ್ಯಾನ್, ಜಾಕ್ ಪ್ಲೇಟ್ ಹಾಕಿಸಿ. ಜಾಕ್ ಪ್ಲೇಟ್ ಎಂಜಿನನ್ನು ಹಿಂದಕ್ಕೆ ಸರಿಸಿದಾಗ ಪ್ರತಿ 10 ಇಂಚಿಗೆ ಸುಮಾರು ಒಂದು ಇಂಚು ಮೇಲಕ್ಕೆ ಏರಿಸಬಹುದು, ಟ್ರಾನ್ಸಮ್ ದಾಟಿದ ನೀರು ಹಿಂದೆ ಹೋದಂತೆ ಮೇಲೇಳುವುದರಿಂದ ಫ್ಯಾನಿಗೆ ಹಿಡಿತ ಉಳಿಯುತ್ತದೆ. ಏರಿಸಿದ ಮೇಲೆ ಮೊದಲ ಓಟದಲ್ಲಿ ಕಣ್ಣು ನೀರಿನ ಒತ್ತಡದ ಮೀಟರಿನ ಮೇಲಿರಲಿ. ಅದು ತಟ್ಟನೆ ಇಳಿದರೆ ಅಲ್ಲೇ ನಿಲ್ಲಿಸಿ, ಎರಡು ಸೂತ ಇಳಿಸಿ ಮತ್ತೆ ಓಡಿಸಿ.